ಗೋಡೆಗೆ ಮುಂಚಿನ ಕಾಗದ

ಚಿಕ್ಕಪ್ಪ ಅನ್ನೂರಿನಿಂದ ಟೌನ್ ಬಸ್ಸು ಹಿಡಿದು ಆರ್.ಎಸ್. ಪುರಂನ ನಮ್ಮ ಮನೆಗೆ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಮದುವೆ, ಸಾವು, ಆಸ್ಪತ್ರೆ, ಇವುಗಳಲ್ಲಿ ಒಂದಿಲ್ಲದೆ ಅವರು ಪೇಟೆಗೆ ಬರುವವರಲ್ಲ. ಹಾಗಾಗಿ ಅಮ್ಮ ಬಾಗಿಲಲ್ಲೇ ಗಾಬರಿಯಾಗಿ, "ಯಾರಿಗೆ ಏನಾಯ್ತು?" ಎಂದಳು.

"ಯಾರಿಗೂ ಏನೂ ಆಗ್ಲಿಲ್ಲ ಅತ್ಗೇ. ನಿಮ್ ಮಗ್ಳ ಬಾಯಿ ಒಂದಿವ್ಸ ಬಾಡ್ಗೆಗೆ ಬೇಕು."

"ಸುಮ್ನೇ ತಕೊಂಡೋಗಿ. ತಿರುಗಿ ಕೊಡ್ಬೇಡಿ," ಎಂದು ಅಮ್ಮ ಕಾಫಿ ಮಾಡಲು ಒಳಗೆ ಹೋದಳು.

ನಾನು ಆಗ ಕಾಲೇಜಿನ ಎರಡನೆಯ ವರ್ಷದಲ್ಲಿದ್ದೆ. ಕಾಲೇಜಿನಲ್ಲಿ ಇಂಗ್ಲಿಷ್ ಚರ್ಚಾಸ್ಪರ್ಧೆ. ಹೊರಗೆ ತಮಿಳಿನ ಪಟ್ಟಿಮನ್ರಂ, ಎಂದರೆ ಎರಡು ಪಕ್ಷ ಕಟ್ಟಿ, ನಡುವೆ ಒಬ್ಬ ತೀರ್ಪುಗಾರನನ್ನು ಕೂರಿಸಿ, ಊರ ಜನರೆಲ್ಲ ಚಾಪೆ ಹಾಸಿಕೊಂಡು ಕೇಳುವ ವಾದಸಭೆ. ಎರಡರಲ್ಲೂ ನನಗೆ ಬಹುಮಾನ ಬರುತ್ತಿತ್ತು. ದೇವರ ವಿಷಯದಲ್ಲಿ ನನ್ನ ಅಭಿಪ್ರಾಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದೊಂದು ನೆಗಡಿ, ತಾನಾಗಿ ಹೋಗುತ್ತದೆ ಎಂದು ಅಮ್ಮ ನಂಬಿದ್ದಳು. ತಲೆಮಾರುಗಳಿಂದ ತಮಿಳು ಸೀಮೆಯಲ್ಲಿರುವ ನಮಗೆ ಕನ್ನಡ ಮನೆಯೊಳಗಿನ ಮಾತಷ್ಟೇ. ಅದರ ಅಕ್ಷರವನ್ನು ನಾನು ಕಲಿತದ್ದು ಆಮೇಲೆ, ನಿನ್ನಿಂದ ಆಗದು ಎಂದು ಯಾರೋ ಹೇಳಿದ್ದಕ್ಕೆ.

ಚಿಕ್ಕಪ್ಪ ನೇಯುವವರಲ್ಲ, ನೇಯುವವರಿಗೆ ಡಿಸೈನ್ ಬರೆಯುವವರು. ಗ್ರಾಫ್ ಕಾಗದದ ಮೇಲೆ ಮಾವಿನಕಾಯಿ, ನವಿಲು, ಗೋಪುರ, ಯಾವುದು ಬೇಕೋ ಅದನ್ನು ಚೌಕ ಚೌಕವಾಗಿ ತುಂಬುತ್ತಾರೆ. ಒಂದು ಚೌಕವೆಂದರೆ ಒಂದು ಎಳೆ ಏಳಬೇಕೋ ಬೇಡವೋ ಎಂಬ ಪ್ರಶ್ನೆ. ಅದನ್ನು ನೋಡಿಕೊಂಡು ಉದ್ದನೆಯ ರಟ್ಟುಗಳಿಗೆ ತೂತು ಹೊಡೆಯುತ್ತಾರೆ. ಆ ರಟ್ಟನ್ನು ಅಟ್ಟೆ ಎನ್ನುತ್ತೇವೆ. ಅಟ್ಟೆಗಳನ್ನು ಒಂದಕ್ಕೊಂದು ಹೊಲಿದು ಮಗ್ಗದ ತಲೆಯ ಮೇಲಿನ ಜಕಾರ್ಡ್ ಯಂತ್ರಕ್ಕೆ ಏರಿಸಿದರೆ ತೂತಿದ್ದ ಕಡೆ ಎಳೆ ಏಳುತ್ತದೆ, ಸೀರೆಯ ಮೇಲೆ ನವಿಲು ಬಂದು ಕೂರುತ್ತದೆ. ಸೀರೆ ಅಂಗಡಿಯವರ ಹೆಸರಿನಲ್ಲಿ ಹೋಗುತ್ತದೆ. ಗಾಂಧಿಪುರಂನಲ್ಲಿ ಗಾಜಿನ ಹಿಂದಿನ ಗೊಂಬೆಯ ಮೈಮೇಲೆ ತಮ್ಮ ಅಂಚನ್ನು ಕಂಡರೆ ಚಿಕ್ಕಪ್ಪ ಒಂದು ಗಳಿಗೆ ನಿಂತು, "ಬಣ್ಣ ಕೆಡಿಸವ್ರೆ" ಎಂದು ಹೇಳಿ ಮುಂದೆ ಹೋಗುತ್ತಾರೆ.

ಆ ವರ್ಷ ಅನ್ನೂರಿನಲ್ಲಿ ನಮ್ಮ ಕುಲದೇವತೆಯಾದ ಅಮ್ಮನ ಗುಡಿಗೆ ಹೊಸ ಗೋಡೆ ಎದ್ದಿತ್ತು. ಅದರ ಮೇಲೆ ನೇಕಾರರಾದ ನಮ್ಮ ಕುಲದ ಕಥೆ ಬರೆಸಬೇಕೆಂದು ಹಿರಿಯರು ತೀರ್ಮಾನಿಸಿದ್ದರು. ಕಥೆ ಹೇಳುವವರಿಗೆ ತಕ್ಕ ಹಾಗೆ ಬದಲಾಗುತ್ತದೆ, ನಮ್ಮೂರಿನದು ಹೀಗೆ. ಲೋಕವೆಲ್ಲ ಬೆತ್ತಲೆಯಾಗಿದ್ದಾಗ ಮೂಲ ಋಷಿ ದೇವರ ಹತ್ತಿರ ಹೋಗಿ ನೂಲು ತರುತ್ತಾನೆ. ದಾರಿಯಲ್ಲಿ ರಾಕ್ಷಸರು ನೂಲು ಕಿತ್ತುಕೊಳ್ಳುತ್ತಾರೆ. ಅಮ್ಮ ಬಂದು ಅವರನ್ನು ಕೊಂದು, ನೂಲಿನ ಉಂಡೆಯನ್ನು ಋಷಿಯ ಕೈಗೆ ತಿರುಗಿ ಕೊಡುತ್ತಾಳೆ. ಋಷಿ ಮಗ್ಗ ಹೂಡಿ ಎಲ್ಲರಿಗೂ ಉಡಿಸುತ್ತಾನೆ. ಬಣ್ಣ ಹಚ್ಚಲು ಗಾಂಧಿಪುರಂನಿಂದ ಒಬ್ಬ ಸಿನಿಮಾ ಬ್ಯಾನರ್ ಪೇಂಟರ್ ಗೊತ್ತಾಗಿದ್ದ. ಅವನಿಗೆ ಕಥೆ ಗೊತ್ತಿರಲಿಲ್ಲ. ಆದ್ದರಿಂದ ಗೋಡೆಯಷ್ಟೇ ಉದ್ದದ ಕಾಗದದ ಮೇಲೆ ಚಿತ್ರ ಬರೆದುಕೊಡುವ ಕೆಲಸ ಚಿಕ್ಕಪ್ಪನಿಗೆ ಬಂತು.

ಇಲ್ಲಿಯವರೆಗೆ ವಾದಕ್ಕೆ ಜಾಗವಿಲ್ಲ. ಜಾಗವಿದ್ದದ್ದು ಒಂದು ಕಟ್ಟುಪಾಡಿನಲ್ಲಿ. ಅಮ್ಮನ ರೂಪ ಬಂದ ಕಾಗದ, ಕೆಲಸ ಮುಗಿದ ಮೇಲೆ, ಮನೆಯಲ್ಲಿ ಉಳಿಯಬಾರದು. ಅರಿಶಿನದ ನೀರಿನ ಹಂಡೆಯಲ್ಲಿ ಕರಗಿಸಿ ಬೇವಿನ ಬುಡಕ್ಕೆ ಸುರಿಯಬೇಕು.

"ಆ ಕಾಗ್ದ ನಂಗೆ ಬೇಕು," ಎಂದರು ಚಿಕ್ಕಪ್ಪ, ಕಾಫಿ ಲೋಟದ ಒಳಗೆ ನೋಡುತ್ತ. "ನಮ್ಮಪ್ಪ ಗುಡಿ ಪರದೆಗೆ ಚಿತ್ರ ಬರ್ದಿದ್ರು. ಕಾಗ್ದ ಅಂಡೇಗೆ ಓಯ್ತು. ಪರದೆ ಇಲಿ ತಿಂತು. ಈಗ ನಮ್ಮಪ್ಪ ಚಿತ್ರ ಬರೀತಿದ್ರು ಅಂದ್ರೆ ನಂಬೋಕೆ ನಾನೊಬ್ನೇ ಇರೋದು. ಅಟ್ಟೆ ಅರ್ದೋಗತ್ತೆ, ಸೀರೆ ಅರ್ದೋಗತ್ತೆ. ಇದೊಂದು ಇರ್ಲಿ ಅಂತ."

"ಕೇಳಿದ್ರಾ ಗುಡಿ ಯಜಮಾನ್ರನ್ನ?" ಎಂದೆ.

"ಕೇಳಿದ್ರೆ ಇಲ್ಲೆ ಅಂತಾರೆ. ಇಲ್ಲೆ ಅಂದ್ಮೇಲೆ ತಿರುಗ್ಸೋಕಾಗಲ್ಲ. ಅದ್ಕೇ ನೀ ಬಾ ಕಣ್ಣು. ಒಳ್ಳೇ ಪಾಯಿಂಟ್ ಇಟ್ಕೊಂಡ್ ಬಾ." ಮುದ್ದು ಬಂದಾಗ ಅವರಿಗೆ ನಾನು ಕಣ್ಣು.

ನಂಬದ ದೇವರ ಬಗ್ಗೆ, ನಂಬದ ಕಟ್ಟಿನೊಳಗೆ ನಿಂತು, ನಂಬುವವರ ಮುಂದೆ ವಾದಿಸಬೇಕು. ಸ್ಪರ್ಧೆಗಳಲ್ಲಿ ಚೀಟಿ ಎತ್ತಿ ಬಂದ ಪಕ್ಷವನ್ನು ವಹಿಸುವುದು ನನಗೆ ಹೊಸದಲ್ಲ. ಒಪ್ಪಿಕೊಂಡೆ.

ಪಾಯಿಂಟ್ ಎಲ್ಲಿದೆ ಎಂದು ಕೂಡಲೇ ಗೊತ್ತಾಗದಿದ್ದರೂ ಯಾವ ಕಪಾಟಿನಲ್ಲಿದೆ ಎಂದು ಗೊತ್ತಿತ್ತು. ನಮ್ಮ ಕಾಲೇಜು ಲೈಬ್ರರಿಯಲ್ಲಿ ಇಟಲಿಯ ಚರ್ಚುಗಳ ಗೋಡೆಚಿತ್ರಗಳ ಬಗ್ಗೆ ಒಂದು ದಪ್ಪ ಪುಸ್ತಕವಿತ್ತು. ಹಿಂದೊಮ್ಮೆ ಅಸಲು ದೊಡ್ಡದೋ ನಕಲು ದೊಡ್ಡದೋ ಎಂಬ ಚರ್ಚೆಗಾಗಿ ಅದನ್ನು ತಿರುವಿ ಹಾಕಿದ್ದೆ. ಲೈಬ್ರರಿ ನೋಡಿಕೊಳ್ಳುತ್ತಿದ್ದ ಕಾನ್ವೆಂಟಿನ ಸಿಸ್ಟರ್, ನಾನು ಕೊನೆಗೂ ಸಂತರ ಕಥೆ ಓದಲು ಹೊರಟೆನೆಂದು ಸಂತೋಷಪಟ್ಟು, ತಿಂಗಳ ಮಟ್ಟಿಗೆ ಮನೆಗೆ ಕೊಟ್ಟರು. ನಾನು ಓದಿದ್ದು ಸಂತರನ್ನಲ್ಲ. ಹಿಂದಿನ ಭಾಗದಲ್ಲಿ, ಬಣ್ಣವಿಲ್ಲದ ಪುಟಗಳಲ್ಲಿ, ಗೋಡೆಗೆ ಮುಂಚಿನ ಚಿತ್ರಗಳಿದ್ದವು.

ಅಲ್ಲಿನವರು ಹಸಿ ಗಾರೆಯ ಮೇಲೆ ಬಣ್ಣ ಹಚ್ಚುತ್ತಿದ್ದರು. ಗಾರೆ ಒಣಗಿದರೆ ಬಣ್ಣ ಕುಡಿಯುವುದಿಲ್ಲ, ಆದ್ದರಿಂದ ಒಂದು ದಿನಕ್ಕೆ ಎಷ್ಟು ಮುಗಿಯುತ್ತದೋ ಅಷ್ಟೇ ಗಾರೆ ಮೆತ್ತಬೇಕು. ಇಷ್ಟು ಅವಸರದ ಕೆಲಸದಲ್ಲಿ ಗೋಡೆಯ ಮುಂದೆ ನಿಂತು ಯೋಚಿಸಲು ಆಗುವುದಿಲ್ಲ. ಯೋಚನೆಯೆಲ್ಲ ಮೊದಲೇ ಮುಗಿದಿರಬೇಕು. ಹಳೆಯ ಕಾಲದವರು ಒರಟು ಗಾರೆಯ ಮೇಲೆ ಕೆಮ್ಮಣ್ಣಿನಲ್ಲಿ ಗೀಚಿಕೊಂಡು, ಅದನ್ನು ನುಣುಪು ಗಾರೆಯಿಂದ ಮುಚ್ಚುತ್ತ ಬಣ್ಣ ಹಚ್ಚುತ್ತ ಹೋಗುತ್ತಿದ್ದರು. ಆಮೇಲಿನವರು ಕಾಗದಕ್ಕೆ ಬಂದರು. ಹಾಳೆಗೆ ಹಾಳೆ ಅಂಟಿಸಿ ಗೋಡೆಯಷ್ಟು ದೊಡ್ಡದು ಮಾಡಿ, ಪೂರ್ತಿ ಅಳತೆಯಲ್ಲಿ ಬರೆದು, ಗೆರೆಗುಂಟ ಸೂಜಿಯಿಂದ ಚುಚ್ಚಿ, ಗೋಡೆಗೆ ಹಿಡಿದು, ಇದ್ದಿಲ ಪುಡಿಯ ಗಂಟಿನಿಂದ ತಟ್ಟುತ್ತಿದ್ದರು. ಪುಡಿ ತೂತಿನೊಳಗೆ ಇಳಿದು ಗೋಡೆಯ ಮೇಲೆ ಚುಕ್ಕಿ ಸಾಲಾಗುತ್ತಿತ್ತು. ಒಂದೊಂದು ದಿನದ ಗಾರೆಗೆ ಬೇಕಾದಷ್ಟು ಭಾಗವನ್ನು ಕಾಗದದಿಂದ ಕತ್ತರಿಸಿಕೊಳ್ಳುತ್ತಿದ್ದುದೂ ಉಂಟು. ಹೀಗೆ ಎಷ್ಟೋ ಚಿತ್ರಗಳು ಚಿಂದಿಯಾಗಿ ಹಾಳಾದವು.

ಕೆಲವರಿಗೆ ತಮ್ಮ ಕಾಗದದ ಮೇಲೆ ಆಸೆ ಇತ್ತು. ಅವರು ಚಿತ್ರದ ಅಡಿಯಲ್ಲಿ ಇನ್ನೊಂದು ಖಾಲಿ ಹಾಳೆ ಇಟ್ಟು ಎರಡನ್ನೂ ಒಟ್ಟಿಗೆ ಚುಚ್ಚುತ್ತಿದ್ದರು. ತೂತು ಮಾತ್ರವಿದ್ದ ಖಾಲಿ ಹಾಳೆ ಗೋಡೆಗೆ ಹೋಗಿ ಕರಿಯಾಗುತ್ತಿತ್ತು, ಹರಿಯುತ್ತಿತ್ತು. ಚಿತ್ರ ಬರೆದ ಹಾಳೆ ಗೋಡೆಯನ್ನು ಮುಟ್ಟದೆ ಉಳಿಯುತ್ತಿತ್ತು.

ಪಾಯಿಂಟ್ ಸಿಕ್ಕಿತು.

ಪುಸ್ತಕ ಹೊತ್ತುಕೊಂಡು ಅನ್ನೂರಿಗೆ ಹೋದೆ. ಚಿಕ್ಕಪ್ಪನ ಮನೆಯ ಮುಂದಿನ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಚಿತ್ರ ಹಾಸಿತ್ತು. ಮೈದಾ ಗಂಜಿಯಿಂದ ಅಂಟಿಸಿದ ಗ್ರಾಫ್ ಹಾಳೆಗಳು. ಎಡದ ತುದಿಯಲ್ಲಿ ಬೆತ್ತಲೆ ಲೋಕ, ಬಲದ ತುದಿಯಲ್ಲಿ ಉಟ್ಟುಕೊಂಡ ಲೋಕ, ನಡುವೆ ಅಮ್ಮ. ಸೀರೆಯ ಸೆರಗಿನ ಹಾಗೆ ಒಂದೇ ಉದ್ದಕ್ಕೆ. ರಾಕ್ಷಸರ ಮುಖ ಚಿಕ್ಕಪ್ಪನಿಗೆ ಪರಿಚಯದ ನೂಲು ದಲ್ಲಾಳಿಗಳದ್ದೆಂದು ಚಿಕ್ಕಮ್ಮ ಪಿಸುಗುಟ್ಟಿದಳು. ನಾನು ಇಟಲಿಯ ಪುಟಗಳನ್ನು ತೋರಿಸಿದೆ. ಚಿಕ್ಕಪ್ಪ ಬಹಳ ಹೊತ್ತು ನೋಡಿ, ಎರಡು ಬದಿಯ ದೇವದೂತರ ಮೇಲೆ ಬೆರಳಿಟ್ಟು, "ಇದು ಒಂದೇ ಕಾಗ್ದ. ತಿರುಗ್ಸಿ ಆಕವ್ನೆ," ಎಂದರು. ಪುಸ್ತಕ ನೋಡಿದೆ. ಎರಡೂ ಬೇರೆ ಬೇರೆ ಬರೆದದ್ದೆಂದಿತ್ತು. ಹೇಳಿದೆ. "ಅಂಗಾದ್ರೆ ವೇಸ್ಟ್ ಕೆಲ್ಸ," ಎಂದರು. ಕಾಗದ ಕತ್ತರಿಸುತ್ತಿದ್ದರೆಂಬುದನ್ನು ಕೇಳಿ ಮಾತ್ರ "ಅಯ್ಯೋ ಪಾಪ" ಎಂದರು. ಖಾಲಿ ಹಾಳೆಯ ವಿಷಯ ಹೇಳುವಷ್ಟರಲ್ಲಿ ಅವರು ಎದ್ದು, ಅಟ್ಟದಿಂದ ಹಾಳೆಯ ಸುರುಳಿ ಇಳಿಸುತ್ತಿದ್ದರು.

ಕಂಬಳಿ ಹಾಸಿ, ಅದರ ಮೇಲೆ ಖಾಲಿ ಹಾಳೆ, ಅದರ ಮೇಲೆ ಚಿತ್ರ ಇಟ್ಟು ಮೂವರೂ ಚುಚ್ಚಲು ಕೂತೆವು. ಸೂಜಿಯ ಹಿಂಭಾಗಕ್ಕೆ ಔಷಧಿ ಬಾಟಲಿಯ ಬಿರಡೆ ಸಿಕ್ಕಿಸಿದ್ದರು, ಬೆರಳು ನೋಯದಂತೆ.

"ಕಾಲೇಜ್ಗೆ ಕಳ್ಸಿ ಓದ್ಸಿದ್ದು ಸೂಜಿ ಇಡಿಯೋಕಾ?" ಎಂದಳು ಚಿಕ್ಕಮ್ಮ.

"ಇದೂ ಓದೇ ಚಿಕ್ಕಮ್ಮ. ಇಟಲೀಲಿ ಹಿಂಗೇ ಮಾಡ್ತಿದ್ರು."

"ಇಟಲೀಲಿ ಎಂಗಸ್ರು ಚುಚ್ತಿದ್ರಾ?"

ಪುಸ್ತಕದಲ್ಲಿ ಅದಿರಲಿಲ್ಲ. ಕೆಲಸದ ಹುಡುಗರು ಎಂದಿತ್ತು. ಹೇಳಿದೆ.

"ನೋಡು ಮತ್ತೆ. ಅಲ್ಲಿ ಕೂಲಿ ಕೊಡ್ತಿದ್ರು," ಎಂದು ಚಿಕ್ಕಮ್ಮ ಒಂದು ರಾಕ್ಷಸನ ಹೊಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಚುಚ್ಚಿದಳು.

ನನ್ನ ಪಾಲಿಗೆ ಬಂದದ್ದು ನಡುಭಾಗ. ಅಮ್ಮನ ಬಲಗೈ ನೂಲಿನ ಉಂಡೆ ಕೊಡಲು ಋಷಿಯ ಕಡೆ ಚಾಚಿತ್ತು. ಆ ಕೈಯನ್ನು ಚಿಕ್ಕಪ್ಪ ಎಷ್ಟು ಸಲ ಅಳಿಸಿ ಬರೆದಿದ್ದರೋ, ಅಲ್ಲಿ ಕಾಗದ ತೆಳುವಾಗಿ ಜೂಲು ಎದ್ದಿತ್ತು. ಹಳೆಯ ಗೆರೆಗಳು ಹೊಸ ಗೆರೆಯ ಹಿಂದೆ ಮಸುಕಾಗಿ ಕಾಣುತ್ತಿದ್ದವು: ಒಂದರಲ್ಲಿ ಕೊಡುವ ಕೈ ಮೇಲಿತ್ತು, ಒಂದರಲ್ಲಿ ಕೆಳಗಿತ್ತು, ಒಂದರಲ್ಲಿ ಉಂಡೆ ಅಂಗೈಯಲ್ಲಿತ್ತು. ಕೊನೆಯದರಲ್ಲಿ ಉಂಡೆ ಆಗಲೇ ಋಷಿಯ ಕೈಗೆ ಬಂದಿತ್ತು. ಅಮ್ಮನ ತೋರುಬೆರಳೊಂದು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

"ಯಾವ ಗೆರೆ ಚುಚ್ಲಿ?"

"ಕಡೇದು. ಬೆರ್ಳು ಇನ್ನೂ ನೂಲ್ ಮೇಲಿರ್ಬೇಕು. ಕೊಟ್ಬಿಟ್ರೆ ಚಿತ್ರ ಮುಗ್ದೋಯ್ತು."

ಚುಚ್ಚಿದೆ. ಗೆರೆ ಗೆರೆಯಾಗಿ, ಹೊಲಿಗೆಯ ಹಾಗೆ.

ಗೋಡೆಗೆ ತಟ್ಟುವ ದಿನ ನಾನೂ ಹೋಗಿದ್ದೆ. ನಮ್ಮ ಗೋಡೆ ಹಸಿ ಗಾರೆಯದಲ್ಲ, ಸಿಮೆಂಟ್ ಬಳಿದು ಸುಣ್ಣ ಹೊಡೆದದ್ದು. ಬಣ್ಣ ಡಬ್ಬಿಯ ಎನಾಮಲ್. ಅವಸರವೇನೂ ಇರಲಿಲ್ಲ. ಪೇಂಟರ್ ಬೀಡಿ ಸೇದುತ್ತ ದೂರ ನಿಂತಿದ್ದ. ತಾನು ಚೌಕ ಹಾಕಿಕೊಂಡು ಬೀದಿಯಗಲದ ನಾಯಕಿಯನ್ನು ಅರ್ಧ ದಿನದಲ್ಲಿ ಏರಿಸುತ್ತೇನೆ, ಈ ತೂತಿನ ಪಂಚಾಯಿತಿ ಯಾಕೆ ಎಂದು ತಮಿಳಿನಲ್ಲಿ ಕೇಳಿದ. ನಾಯಕಿ ಶುಕ್ರವಾರಕ್ಕೆ ಇಳಿಯುತ್ತಾಳೆ, ಇವಳು ಇಳಿಯುವವಳಲ್ಲ ಎಂದು ಚಿಕ್ಕಪ್ಪ ಅದೇ ತಮಿಳಿನಲ್ಲಿ ಹೇಳಿದರು. ತೂತು ಮಾತ್ರವಿದ್ದ ಖಾಲಿ ಹಾಳೆಯನ್ನು ಗೋಡೆಗೆ ಹಿಡಿಸಿ, ಹಳೆಯ ಬನಿಯನ್ ತುಂಡಿನಲ್ಲಿ ಇದ್ದಿಲ ಪುಡಿ ಕಟ್ಟಿ ತಟ್ಟತೊಡಗಿದರು. ಕಾಗದ ತೆಗೆದಾಗ ಗೋಡೆಯ ಮೇಲೆ ಕಥೆಯೆಲ್ಲ ಚುಕ್ಕಿಗಳಲ್ಲಿ ನಿಂತಿತ್ತು. ಪೇಂಟರ್ ಬೀಡಿ ಎಸೆದು ಹತ್ತಿರ ಬಂದ.

ಅವನು ಬಣ್ಣ ಮುಗಿಸಿದ ಮೇಲಿನ ಭಾನುವಾರ ಬೆಳಿಗ್ಗೆ ಗುಡಿಯ ಮಂಟಪದಲ್ಲಿ ಸಭೆ. ಹಂಡೆಯಲ್ಲಿ ಅರಿಶಿನದ ನೀರು ತುಂಬಿಟ್ಟಿದ್ದರು. ಯಜಮಾನರು ಕಂಬಕ್ಕೆ ಒರಗಿ ಕೂತಿದ್ದರು. ನೂಲು ವ್ಯಾಪಾರಿ, ವಯಸ್ಸಾದವರು, ಮೂಗಿನ ತುದಿಯಲ್ಲಿ ಕನ್ನಡಕ. ಸಂಬಂಧದಲ್ಲಿ ಏನೂ ಆಗದಿದ್ದರೂ ಊರಿನ ನನ್ನ ವಯಸ್ಸಿನವರೆಲ್ಲ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದರು. ಚಿಕ್ಕಪ್ಪ ಎರಡು ಸುರುಳಿಗಳನ್ನು ಅವರ ಮುಂದಿಟ್ಟು ಹಿಂದೆ ಸರಿದು ನನ್ನ ಕಡೆ ನೋಡಿದರು. ಎಲ್ಲರೂ ನನ್ನ ಕಡೆ ನೋಡಿದರು.

"ಏನ್ ತಾಯೀ," ಎಂದರು ಯಜಮಾನರು, "ನಿಮ್ ಸಿಕ್ಕಪ್ಪ ವಕೀಲ್ರನ್ನ ಕರ್ಕೊಂಡ್ ಬಂದವ್ನೆ. ಅಂಗಂದ್ರೆ ಕೇಸ್ ವೀಕು."

ಜನ ನಕ್ಕರು. ಸಭೆಯನ್ನು ಮೊದಲು ನಗಿಸಿದವರಿಗೆ ಅರ್ಧ ಅಂಕ; ಅದು ಅವರಿಗೆ ಹೋಯಿತು.

"ಒಂದು ಕೇಳ್ತೀನಿ ದೊಡ್ಡಪ್ಪಾ. ಗೋಡೇಗೆ ಓದ ಕಾಗ್ದ ಯಾವ್ದು?" ಎಂದೆ, ಊರಿನವರ ಮಾತಿಗೇ ಇಳಿದು.

"ಕರಿ ಮೆತ್ತಿರೋದು."

"ಅಮ್ಮ ಗೋಡೇಗೆ ಬಂದಿದ್ದು ಅದ್ರಿಂದ ತಾನೆ?"

"ಆಮಾ, ಅದ್ರಿಂದ್ಲೇ."

"ಅಂಗಾದ್ರೆ ನೀರ್ಗೆ ಓಗ್ಬೇಕಾದ್ದು ಅದು. ಈ ಇನ್ನೊಂದು ಗೋಡೇನ ಮುಟ್ಟೇ ಇಲ್ಲ. ಗುಡಿಯೊಳಗೆ ಬಂದಿದ್ದೇ ಇವತ್ತು. ಇದು ಸಿಕ್ಕಪ್ಪ ಕೈ ಪಳಗ್ಸಿಕೊಂಡ ಕಾಗ್ದ. ಕೈ ಪಳಗ್ಸಿದ್ದಕ್ಕೆ ಕಟ್ಟು ಇಲ್ಲ."

ಇಟಲಿಯನ್ನು ಇಲ್ಲಿ ತಂದೆ. ಅಲ್ಲಿಯೂ ಭಕ್ತರೇ, ಅವರದೂ ದೇವರ ಕಥೆಯೇ, ಅವರೂ ಗೋಡೆಗೆ ಹೋದದ್ದನ್ನು ಹಾಳಾಗಲು ಬಿಟ್ಟು ಬರೆದದ್ದನ್ನು ಉಳಿಸಿಕೊಂಡರು ಎಂದೆ. ಪುಸ್ತಕ ತೆರೆದು ತೋರಿಸಿದೆ. ಅದು ಕೈಯಿಂದ ಕೈಗೆ ಸಾಗಿತು. ಹೆಂಗಸರ ಕಡೆಯಿಂದ ಯಾರೋ, "ಪಾಪ, ಆ ಮಗೂಗೆ ಬಟ್ಟೇನೇ ಆಕಿಲ್ಲ. ಇವ್ರಿಗೆ ನಮ್ ಋಷಿ ಸಿಗ್ಲಿಲ್ಲೇನೋ," ಎಂದರು. ಪುಸ್ತಕದ ಪರಿಣಾಮ ಅಷ್ಟೇ.

"ಗೋಡೆ ಮುಟ್ಟಿದ್ದಕ್ಕೆ ನೀರ್ಗೆ ಬಿಡ್ತೀವಿ ಅಂತ ನಿಂಗೆ ಯಾರ್ ಯೋಳಿದ್ರು?" ಎಂದರು ಯಜಮಾನರು. "ರೂಪ ಬಂದಿದ್ದಕ್ಕೆ ಬಿಡೋದು."

"ರೂಪ ಅಂದ್ರೆ ನಿಮ್ ಅಂಗ್ಡೀಲಿ ಕ್ಯಾಲೆಂಡರ್ ಐತಲ್ಲ, ಅದ್ರಾಗೂ ಅಮ್ಮ ಇದಾಳೆ. ವರ್ಷ ಮುಗುದ್ಮೇಲೆ ಏನ್ ಮಾಡ್ತೀರಾ?"

"ನೂಲ್ ಕಂತೆ ಸುತ್ತಿ ಕೊಡ್ತಾರೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಈ ಸಲದ ನಗು ನನ್ನ ಲೆಕ್ಕಕ್ಕೆ.

ಯಜಮಾನರು ನಗು ನಿಲ್ಲುವವರೆಗೆ ಕಾದರು. ಒಳ್ಳೆಯ ವಾದಿಗಳು ಹಾಗೆ ಮಾಡುತ್ತಾರೆ. "ಅದು ಮಿಷಿನ್ ಒಡ್ದ ಚಿತ್ರ ತಾಯೀ. ಮಿಷಿನ್ಗೆ ಮಡಿ ಉಂಟಾ, ಉಪಾಸ ಉಂಟಾ? ನಿಮ್ ಸಿಕ್ಕಪ್ಪ ಇದನ್ನ ಬರ್ಯೋವಷ್ಟು ದಿನ ಒಪ್ಪತ್ತು ಇದ್ದ. ಕೇಳು ಬೇಕಾದ್ರೆ."

ನನಗೆ ಇದು ಹೊಸ ವಿಷಯ. ಚಿಕ್ಕಪ್ಪನ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು. ಎದುರಾಳಿಯ ಹತ್ತಿರ ಇರುವ ಸಾಕ್ಷ್ಯವನ್ನು ನಮ್ಮ ಕಕ್ಷಿದಾರ ನಮಗೇ ಹೇಳದಿದ್ದರೆ ಹೀಗಾಗುತ್ತದೆ. ಕೈ ಪಳಗಿಸಿಕೊಂಡ ಕಾಗದ ಎಂಬ ನನ್ನ ಮಾತು ಅಲ್ಲಿಗೆ ಬಿತ್ತು.

"ಎರಡ್ನೂ ಬಿಸ್ಲಿಗೆ ಇಡೀರೋ," ಎಂದರು ಯಜಮಾನರು.

ನಾಲ್ಕು ಜನ ಕರಿ ಹಾಳೆಯನ್ನು ಬಿಡಿಸಿ ಮಂಟಪದ ಅಂಚಿನಲ್ಲಿ ಎತ್ತಿ ಹಿಡಿದರು. ಬೆಳಗಿನ ಬಿಸಿಲು ಹಿಂದಿನಿಂದ ಬಿತ್ತು. ಕಪ್ಪಿನ ನಡುವೆ ಅಮ್ಮ ಬೆಳಕಿನ ಚುಕ್ಕಿಗಳಲ್ಲಿ ಎದ್ದಳು. ಹೆಂಗಸರು ಕೈಮುಗಿದರು. ಆಮೇಲೆ ಚಿತ್ರದ ಹಾಳೆ. ಪೆನ್ಸಿಲ್ ಗೆರೆ ಬೆಳಕಿನಲ್ಲಿ ಮಾಯವಾಗಿ, ಅದೇ ಚುಕ್ಕಿ, ಅದೇ ರೂಪ. ಅದೇ ಕೈಗಳು ಮುಗಿದವು. ನನ್ನ ಪಕ್ಕದಲ್ಲಿ ನಿಂತಿದ್ದ ಚಿಕ್ಕಮ್ಮನೂ ಮುಗಿದಳು.

"ಒಂದೇ ಸೂಜಿ, ಒಂದೇ ತೂತು," ಎಂದರು ಯಜಮಾನರು. "ಈಗ ಯೋಳು ತಾಯೀ. ಅದ್ರಾಗಿದ್ದಾಳೆ, ಇದ್ರಾಗಿಲ್ಲೆ ಅಂತ ಎಂಗ್ ಯೋಳ್ತೀಯ?"

ತೂತಿನಲ್ಲಿ ಇರುವುದು ತೂತು ಮಾತ್ರ ಎಂಬುದು ನನ್ನ ನಿಜವಾದ ಉತ್ತರ. ಅದನ್ನು ಅಲ್ಲಿ ಹೇಳಿದರೆ ಸೋಲುವವರು ಚಿಕ್ಕಪ್ಪ. ಹಾಗಾಗಿ ಎದುರಾಳಿಯ ಮಾತನ್ನೇ ಕೊನೆಯವರೆಗೆ ಎಳೆದು ಹರಿಯುವ ಹಳೆಯ ವಿದ್ಯೆಗೆ ಹೋದೆ.

"ರೂಪ ಇರೋದೆಲ್ಲ ನೀರ್ಗೆ ಓಗ್ಬೇಕು ಅಂದ್ರೆ, ದೊಡ್ಡಪ್ಪಾ, ಮೊದ್ಲು ರೂಪ ಇದ್ದಿದ್ದು ಸಿಕ್ಕಪ್ಪನ ತಲೇಲಿ. ಅವ್ರನ್ನೂ ಅಂಡೇಲಿ ಆಕ್ತೀರಾ?"

ನಗು ಮಂಟಪವನ್ನೆಲ್ಲ ತುಂಬಿತು. ಯಜಮಾನರೂ ನಕ್ಕರು. ನಕ್ಕು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಳ್ಳುತ್ತ, ಜೋರಿಲ್ಲದೆ ಹೇಳಿದರು: "ಆಕ್ತೀವಿ ತಾಯೀ. ಬೂದಿ ಆದ್ಮೇಲೆ ನೊಯ್ಯಲ್ ಒಳೇಗೆ ತಕೊಂಡೋಗಿ ಆಕ್ತೀವಿ. ನನ್ನೂ ಆಕ್ತಾರೆ. ಅದೇ ಕಟ್ಟು."

ಪಟ್ಟಿಮನ್ರಂನಲ್ಲಿ ಇಂಥ ಮಾತು ಬಿದ್ದರೆ ತೀರ್ಪುಗಾರ ಮೇಜು ಕುಟ್ಟುತ್ತಾನೆ. ಮಾತು ಚೆನ್ನಾಗಿತ್ತು, ತರ್ಕ ಚೆನ್ನಾಗಿರಲಿಲ್ಲ. ಮನುಷ್ಯ ಸಾಯುವವರೆಗೆ ಕಾಯುವ ಕಟ್ಟು ಕಾಗದಕ್ಕೂ ಅಷ್ಟು ಕಾಯಬಹುದಲ್ಲ ಎಂದು ಕೇಳಬಹುದಿತ್ತು. ಅದು ಒಳ್ಳೆಯ ಪ್ರಶ್ನೆ ಎಂದು ಈಗಲೂ ನನ್ನ ಅಭಿಪ್ರಾಯ. ಕೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಚಿಕ್ಕಪ್ಪ ಎದ್ದು ಬಂದು ಚಿತ್ರದ ಹಾಳೆಯನ್ನು ಹಿಡಿದಿದ್ದವರ ಕೈಯಿಂದ ಇಳಿಸಿಕೊಂಡು ನೆಲದ ಮೇಲೆ ಹಾಸಿದರು. ಜೇಬಿನಿಂದ ಬ್ಲೇಡ್ ತೆಗೆದರು. ಅಟ್ಟೆಯ ಅಂಚು ಸವರಲು ಯಾವಾಗಲೂ ಇಟ್ಟುಕೊಂಡಿರುವ ಬ್ಲೇಡ್.

"ಚಿಕ್ಕಪ್ಪಾ, ನಾ ಇನ್ನೂ ಮುಗ್ಸಿಲ್ಲ."

"ನೀ ಮುಗ್ಸೋದ್ರೊಳಗೆ ಮಳೆಗಾಲ ಬತ್ತದೆ ಕಣ್ಣು. ನಿನ್ ಪುಸ್ತಕ್ದಾಗೇ ಐತಲ್ಲ, ಕತ್ರಿಸ್ತಾರೆ ಅಂತ."

"ಅದು ಬೇರೆ ಕಾರಣಕ್ಕೆ!"

"ಕಾರ್ಣ ಬೇರೆ. ಬ್ಲೇಡ್ ಒಂದೇ." ಆಮೇಲೆ ಯಜಮಾನರ ಕಡೆ ತಿರುಗಿ, "ಅಮ್ಮ ನಂದಲ್ಲಣ್ಣಾ. ಅವ್ಳನ್ನ ಕೊಟ್ಬಿಡ್ತೀನಿ. ಮಿಕ್ಕಿದ್ದು ನಂಗೆ ಇರ್ಲಿ. ಮಿಕ್ಕಿದ್ದಕ್ಕೆ ಕಟ್ಟು ಇಲ್ಲೆ ತಾನೆ?"

ಯಜಮಾನರು ಅಕ್ಕಪಕ್ಕದವರ ಮುಖ ನೋಡಿದರು. "ಋಷಿ, ಮಗ್ಗ, ರಾಕ್ಷಸ, ಇದಕ್ಕೆಲ್ಲ ಕಟ್ಟು ಇಲ್ಲೆ," ಎಂದರು.

ಚಿಕ್ಕಪ್ಪ ಕುಕ್ಕರುಗಾಲಿನಲ್ಲಿ ಕೂತು ಕತ್ತರಿಸತೊಡಗಿದರು. ಬೇರೆ ಯಾರಾದರೂ ಆಗಿದ್ದರೆ ಅಮ್ಮನ ಸುತ್ತ ಗೆರೆಗುಂಟ ಕತ್ತರಿಸುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಡಿಸೈನ್ ಬರೆಯುವವರಿಗೆ ವಕ್ರರೇಖೆ ಎಂಬುದೇ ಇಲ್ಲ. ಎಲ್ಲ ವಕ್ರವೂ ಚೌಕಗಳ ಮೆಟ್ಟಿಲು. ಗ್ರಾಫಿನ ಚೌಕದ ಅಂಚು ಹಿಡಿದು ಬ್ಲೇಡು ಅಡ್ಡ ಹೋಗಿ, ಇಳಿದು, ಮತ್ತೆ ಅಡ್ಡ ಹೋಯಿತು. ಚಾಚಿದ ಕೈಯ ಹತ್ತಿರ ಬಂದಾಗ ನಿಧಾನವಾಯಿತು. ಅಲ್ಲಿ ಅಮ್ಮನ ಕೈ, ಉಂಡೆ, ಋಷಿಯ ಕೈ ಮೂರೂ ಸೇರಿಕೊಂಡಿದ್ದವು. ಬ್ಲೇಡು ಒಂದು ಚೌಕ ಬಿಟ್ಟು ತಿರುಗಿತು. ಮುಗಿದಾಗ ಅಮ್ಮ ಒಂದು ತುಂಡಾಗಿ ಕೈಗೆ ಬಂದಳು. ಮಿಕ್ಕ ಹಾಳೆಯ ನಡುವೆ ಮೆಟ್ಟಿಲಂಚಿನ ಕಿಂಡಿ.

ಯಜಮಾನರು ಎದ್ದು ಬಂದು, ಬಾಗಿ, ಕಿಂಡಿಯ ಅಂಚನ್ನು ಸುತ್ತ ನೋಡಿದರು. ಋಷಿಯ ಕೈಯ ಹತ್ತಿರ ಬೆರಳಿಟ್ಟರು.

"ಇದ್ಯಾರ್ದು ಈ ಬೆರ್ಳು?"

ನೂಲಿನ ಉಂಡೆಯ ಮೇಲೆ, ಕೈಯಿಲ್ಲದೆ, ಒಂದು ತೋರುಬೆರಳಿನ ತುದಿ ಉಳಿದಿತ್ತು.

"ಋಷೀದು," ಎಂದರು ಚಿಕ್ಕಪ್ಪ.

ಋಷಿಯ ಐದು ಬೆರಳೂ ಉಂಡೆಯ ಕೆಳಗೆ ಸ್ಪಷ್ಟವಾಗಿ ಇದ್ದವು. ಯಾರು ಬೇಕಾದರೂ ಎಣಿಸಬಹುದಿತ್ತು. ಆ ಬೆರಳಿನ ಗೆರೆಯನ್ನು ಚುಚ್ಚಿದವಳು ನಾನು. ಅದು ಯಾರದು, ಯಾಕೆ ಅಲ್ಲಿದೆ, ಎಷ್ಟು ಸಲ ಅಳಿಸಿ ಅಲ್ಲಿಗೆ ಬಂತು ಎಂದು ಆ ಮಂಟಪದಲ್ಲಿ ಚಿಕ್ಕಪ್ಪನ ನಂತರ ನನಗೆ ಗೊತ್ತಿತ್ತು. ಯಜಮಾನರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿ, ಚಿಕ್ಕಪ್ಪನನ್ನು ಬಿಟ್ಟು, ನನ್ನನ್ನು ಕೇಳಿದರು:

"ಏನ್ ತಾಯೀ? ನೀ ಓದ್ದೋಳು. ಋಷೀದಾ?"

ಸುಳ್ಳು ಸಾಕ್ಷಿ ಹೇಳುವುದು ನನ್ನ ಪಾಠದಲ್ಲಿ ಇರಲಿಲ್ಲ. ಎದುರಿನವರ ಸುಳ್ಳನ್ನು ಹಿಡಿಯುವುದು ಮಾತ್ರ ಇತ್ತು. ಬೆಳಿಗ್ಗೆಯಿಂದ ಮಾತಾಡಿದ್ದ ನಾನು ಸುಮ್ಮನೆ ನಿಂತೆ. ಹಂಡೆಯ ಹತ್ತಿರ ಒಂದು ಕಾಗೆ ಬಂದು ಕೂತಿತು. ಚಿಕ್ಕಮ್ಮ ಅದನ್ನು ಓಡಿಸಿದಳು.

"ಸರಿ," ಎಂದರು ಯಜಮಾನರು. "ವಕೀಲಮ್ಮನೇ ಆಕ್ಷೇಪಣೆ ಮಾಡ್ದೇ ಇದ್ಮೇಲೆ ಋಷೀದೇ. ಸುತ್ತಿ ಎತ್ತಿಡು."

ಚಿಕ್ಕಪ್ಪ ಹಾಳೆಯನ್ನು ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು, ಆಮೇಲೆಯೇ ಅಮ್ಮನ ತುಂಡನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ಹಂಡೆಗೆ ಬಿಟ್ಟರು. ಕರಿ ಹಾಳೆಯನ್ನೂ ಬಿಟ್ಟರು. ಗ್ರಾಫ್ ಕಾಗದ ಗಟ್ಟಿ, ಕರಗುವುದಕ್ಕೆ ಒಪ್ಪಲಿಲ್ಲ. ಎಲ್ಲರೂ ಕಾದರು. ಪೂಜೆ ಮಾಡುವವರು ಗಡಿಯಾರ ನೋಡಿದರು. ಕೊನೆಗೆ ಹೆಂಗಸರು ಸೆರಗು ಸಿಕ್ಕಿಸಿ ಹಂಡೆಗೆ ಕೈಹಾಕಿ ಬಟ್ಟೆ ಹಿಸುಕುವ ಹಾಗೆ ಹಿಸುಕಿದರು. ನೀರು ಹಳದಿಯಿಂದ ಬೂದಿ ಬಣ್ಣಕ್ಕೆ ಬಂತು. ಬೇವಿನ ಬುಡಕ್ಕೆ ಸುರಿದಾಗ ಗಂಜಿಯ ವಾಸನೆ ಬಂತು.

ಬಸ್‌ಸ್ಟಾಪಿಗೆ ಬಿಡಲು ಬಂದ ಚಿಕ್ಕಪ್ಪನನ್ನು ಕೇಳಿದೆ: "ನೀವೇ ಕತ್ರಿಸೋದಾಗಿದ್ರೆ ನನ್ನ ಯಾಕ್ ಕರೆಸಿದ್ರಿ?"

"ನೀ ಅಷ್ಟೊತ್ತು ಮಾತಾಡ್ದೇ ಇದ್ದಿದ್ರೆ ಪೂರ್ತಿ ಓಗ್ತಿತ್ತು. ನಿನ್ ಪೇಚ್ಚು ಕೇಳಿ ಕೇಳಿ ಸಾಕಾಗಿ ಅರ್ಧಕ್ಕೆ ಒಪ್ಕೊಂಡ್ರು."

"ನಾನು ಪೂರ್ತಿ ಗೆದ್ದು ಕೊಡ್ತಿದ್ದೆ."

"ಗೆಲ್ತಿದ್ದೆ. ನೀ ಗೆದ್ದು ಬಸ್ ಅತ್ತಿ ಓಗ್ತಿದ್ದೆ. ನಾನಿಲ್ಲಿ ಇರ್ಬೇಕಲ್ಲ, ಆ ಕಾಗ್ದ ಇಟ್ಕೊಂಡು."

ಇದಕ್ಕೆ ಉತ್ತರ ಉಂಟು. ಬಸ್ಸು ಬಂದದ್ದರಿಂದ ಹೇಳಲಾಗಲಿಲ್ಲ. ಆಮೇಲೆ ಹೇಳಿದ್ದೇನೆ, ಹಲವು ಸಲ, ಚಿಕ್ಕಪ್ಪ ಒಪ್ಪುವುದಿಲ್ಲ.

ಗೋಡೆಯ ಮೇಲಿನ ಅಮ್ಮನನ್ನು ಪೇಂಟರ್ ತನ್ನ ರೀತಿಯಲ್ಲಿ ದಪ್ಪ ಮಾಡಿದ್ದಾನೆ. ನೂಲಿನ ಉಂಡೆಯನ್ನು ಋಷಿಯ ಎರಡು ಕೈಗಳಲ್ಲಿ ಇಟ್ಟು, ಅಮ್ಮನ ಕೈಯನ್ನು ಹಿಂದಕ್ಕೆ ಎಳೆದು ಆಶೀರ್ವಾದಕ್ಕೆ ಎತ್ತಿಸಿದ್ದಾನೆ. ಚುಕ್ಕಿಗಳು ಎನಾಮಲ್ಲಿನ ಕೆಳಗೆ ಎಲ್ಲೋ ಇರಬೇಕು. ಜನಕ್ಕೆ ಚಿತ್ರ ಇಷ್ಟವಾಗಿದೆ. ಚಿಕ್ಕಪ್ಪ ದೂರುವುದಿಲ್ಲ, ಬಣ್ಣ ಕೆಡಿಸಿದ್ದಾನೆ ಎಂದು ಮಾತ್ರ ಹೇಳುತ್ತಾರೆ.

ಕಾಗದ ಅವರ ಮುಂದಿನ ಕೋಣೆಯಲ್ಲಿ, ಅಟ್ಟೆ ಕುಟ್ಟುವ ಮಿಷಿನ್ನಿನ ಮೇಲಿನ ಗೋಡೆಗೆ ಅಡ್ಡಲಾಗಿ ಮೊಳೆ ಹೊಡೆದಿದೆ. ಹೋದಾಗಲೆಲ್ಲ ಅದರ ಕೆಳಗೆ ಕೂತು ಊಟ ಮಾಡುತ್ತೇನೆ. ಡಿಸೈನ್ ಬರೆಸಲು ಬಂದವರು ರಾಕ್ಷಸರನ್ನು ಗುರುತು ಹಿಡಿದು ನಗುತ್ತಾರೆ. ಆಮೇಲೆ ನಡುವಿನ ಕಿಂಡಿಯನ್ನು ನೋಡಿ, ಇಲಿ ಕಡಿಯಿತಾ ಎಂದು ಕೇಳುತ್ತಾರೆ.

"ಇಲ್ಲೆ," ಎನ್ನುತ್ತಾರೆ ಚಿಕ್ಕಪ್ಪ, ತಲೆ ಎತ್ತದೆ ಅಟ್ಟೆ ಕುಟ್ಟುತ್ತ. "ಅಲ್ಲಿದ್ದೋಳು ಗುಡೀಗೆ ಓಗವ್ಳೆ."